ನಾಲ್ಕೂಕಾಲು ನಿಮಿಷ ಅಲ್ಲಾಡದ ಕಾಕಾ: ಒಂದು ಡಬ್ಬಿ ಕ್ಯಾಮೆರಾದ ಕಥೆ

ಡಬ್ಬಿ ಮನೆಯದೇ. ತಂಗಿಯ ಕೂಸು ಕುಡಿದು ಮುಗಿಸಿದ ಹಾಲಿನಪುಡಿಯದು. ಅವ್ವ ಅದಕ್ಕೆ ಸಾಸಿವೆ ತುಂಬುವ ಮೊದಲೇ ಎತ್ತಿಟ್ಟುಕೊಂಡೆ. ಒಳಗಿನ ಅಡ್ಡಳತೆ ಸರಿಯಾಗಿ 10 ಸೆಂಟಿಮೀಟರ್, ಎತ್ತರ ಹದಿಮೂರೂವರೆ. 5×7 ಇಂಚಿನ ಫೋಟೋ ಕಾಗದವನ್ನು (ಬೆಳಕು ಬಿದ್ದ ಜಾಗ ಆಮೇಲೆ ದ್ರಾವಣದಲ್ಲಿ ಕಪ್ಪಾಗುವಂಥದ್ದು) ಬಾಗಿಸಿ ಒಳಗೆ ಬಿಟ್ಟರೆ ತನ್ನ ಬಿಗಿಗೆ ತಾನೇ ಗೋಡೆಗೆ ಅಂಟಿ ಕೂರುತ್ತದೆ. ಗೋಂದು ಬೇಡ, ಕ್ಲಿಪ್ಪು ಬೇಡ. ಎದುರು ಗೋಡೆಯಲ್ಲಿ ಸೂಜಿಮೊನೆಯಷ್ಟು ತೂತು. ಲೆನ್ಸ್ ಇಲ್ಲ. ಕ್ಯಾಮೆರಾ ಇಷ್ಟೇ.

ಮರಗಳ ನಡುವೆ ಒಬ್ಬನೇ ಮನುಷ್ಯ ಇರುವ ಒಂದು ಕಪ್ಪು-ಬಿಳುಪು ಚಿತ್ರ ತೆಗೆಯಬೇಕೆಂಬುದು ಹಳೆಯ ಹುಚ್ಚು. ಫೋನಿನಲ್ಲಿ ತೆಗೆದು ಬಣ್ಣ ಇಳಿಸಿ ನೋಡಿದ್ದೇನೆ. ಒಂದೊಂದು ಎಲೆಯೂ ಮನುಷ್ಯನಷ್ಟೇ ಚೂಪಾಗಿ ಬಂದು ಅವನನ್ನು ಮುಚ್ಚಿಹಾಕುತ್ತದೆ; ಎಲ್ಲಿದ್ದಾನೆ ಎಂದು ಹುಡುಕಬೇಕು. ನಿಮಿಷಗಟ್ಟಲೆ ಬೆಳಕು ಕುಡಿಯುವ ಕ್ಯಾಮೆರಾದಲ್ಲಿ ಹಾಗಾಗುವುದಿಲ್ಲ. ಧಾರವಾಡದ ಗಾಳಿ ಎಲೆಯನ್ನೆಲ್ಲ ಅಲ್ಲಾಡಿಸಿ ಹೊಗೆ ಮಾಡಿಬಿಡುತ್ತದೆ, ಕಾಂಡ ಗಟ್ಟಿಯಾಗಿ ಉಳಿಯುತ್ತದೆ. ಮನುಷ್ಯನೂ ಉಳಿಯುತ್ತಾನೆ, ಅವನು ಅಲ್ಲಾಡದಿದ್ದರೆ. ಈ "ಅಲ್ಲಾಡದಿದ್ದರೆ" ಎಂಬ ಮಾತೇ ಮುಂದೆ ಮೂರು ತಿಂಗಳು ತಿಂದಿತು.

ದುಂಡು ಡಬ್ಬಿ ಹಿಡಿದದ್ದಕ್ಕೆ ಕಾರಣ ಇದೆ. ಕಾಗದ ಬಾಗಿ ಕೂತಿರುವುದರಿಂದ ತೂತಿನ ಮಟ್ಟಕ್ಕಿಂತ ಮೇಲಿನ, ಕೆಳಗಿನ ಅಡ್ಡ ಗೆರೆಗಳು ಬಿಲ್ಲಿನಂತೆ ಬಾಗುತ್ತವೆ, ನೆಟ್ಟಗೆ ನಿಂತ ಗೆರೆ ಮಾತ್ರ ನೆಟ್ಟಗೇ ಉಳಿಯುತ್ತದೆ. ಮನೆ, ಗುಡಿ ತೆಗೆಯುವವರಿಗೆ ಇದು ತಲೆನೋವು. ಮರಕ್ಕೆ ಹೇಳಿ ಮಾಡಿಸಿದ್ದು. ಎಷ್ಟು ಅಗಲ ಹಿಡಿಯುತ್ತದೆ ಎನ್ನುವುದಕ್ಕೆ ಹೈಸ್ಕೂಲಿನ ರೇಖಾಗಣಿತ ಸಾಕು. ಡಬ್ಬಿಯ ಸುತ್ತಳತೆ 31.4 ಸೆಂಟಿಮೀಟರ್, ಕಾಗದದ ಉದ್ದ 17.8. ವೃತ್ತದ ನಡುವಿನಿಂದ ನೋಡಿದರೆ ಅದು 204 ಡಿಗ್ರಿ. ನಮ್ಮ ತೂತು ಇರುವುದು ವೃತ್ತದ ಅಂಚಿನ ಮೇಲೆ, ಹಾಗಾಗಿ ಅದರ ಅರ್ಧ, 102 ಡಿಗ್ರಿ. ಪರಿಧಿಕೋನ, ಕೇಂದ್ರಕೋನ ಎಂದು ಮಾಸ್ತರು ಬಡಿದು ಕಲಿಸಿದ್ದು ಇಷ್ಟು ವರ್ಷದ ಮೇಲೆ ಹಾಲಿನಪುಡಿಯ ಡಬ್ಬಿಯಲ್ಲಿ ಉಪಯೋಗಕ್ಕೆ ಬಂತು.

ತೂತಿನದೇ ದೊಡ್ಡ ಕೆಲಸ. ದೊಡ್ಡದಾದರೆ ಚಿತ್ರ ಮಂಕು. ತೀರಾ ಸಣ್ಣದಾದರೂ ಬೆಳಕು ಅಂಚಿಗೆ ಬಡಿದು ಹರಡಿ ಮತ್ತೆ ಮಂಕು. 10 ಸೆಂಟಿಮೀಟರ್ ದೂರಕ್ಕೆ ಲೆಕ್ಕ ಹಾಕಿದರೆ 0.44 ಮಿಲಿಮೀಟರ್ ಸುತ್ತ ಬರುತ್ತದೆ. ಹೊಲಿಗೆಯ 10ನೇ ನಂಬರಿನ ಸೂಜಿ ಹೆಚ್ಚುಕಡಿಮೆ ಅಷ್ಟೇ ದಪ್ಪ. ತಂಪುಪಾನೀಯದ ಅಲ್ಯೂಮಿನಿಯಂ ಡಬ್ಬಿಯಿಂದ ಎರಡು ಬೆರಳಗಲ ತುಂಡು ಕತ್ತರಿಸಿ, ಹಳೆಯ ನೋಟ್‌ಬುಕ್ಕಿನ ಮೇಲಿಟ್ಟು, ಸೂಜಿಯ ತುದಿಯಿಂದ ಬರೀ ಗುಳಿ ಮಾಡಿದೆ, ಚುಚ್ಚಲಿಲ್ಲ. ಹಿಂದೆ ಉಬ್ಬಿದ್ದನ್ನು ನೀರು ಮುಟ್ಟಿಸಿದ ನಯ ಪಾಲಿಶ್ ಪೇಪರಿನಿಂದ ತಿಕ್ಕಿದೆ. ಮತ್ತೆ ಗುಳಿ, ಮತ್ತೆ ತಿಕ್ಕು. ಮೂರನೆಯ ಸಲಕ್ಕೆ ಬೆಳಕು ಕಂಡಿತು. ಆಮೇಲೆ ಸೂಜಿಯನ್ನು ಒಂದಿಷ್ಟೇ ತಿರುಗಿಸಿ ಅಂಚು ದುಂಡು ಮಾಡಿದೆ.

ಅಳೆಯುವುದು ಹೇಗೆ? ಪಟ್ಟಿಯನ್ನು ಸ್ಕ್ಯಾನರಿನಲ್ಲಿಟ್ಟು 2400 ಡಿಪಿಐನಲ್ಲಿ (ಇಂಚಿಗೆ 2400 ಚುಕ್ಕಿ) ಸ್ಕ್ಯಾನ್ ಮಾಡಿದೆ. ಆಗ ಒಂದೊಂದು ಪಿಕ್ಸೆಲ್ಲು 0.0106 ಮಿಲಿಮೀಟರ್. ಮೊದಲ ತೂತು ಅಡ್ಡಕ್ಕೆ 51, ಉದ್ದಕ್ಕೆ 44, ಜವಿಗೋದಿ ಕಾಳಿನಂತೆ. ಎಸೆದೆ. ಎರಡನೆಯದು ಎರಡೂ ಕಡೆ 42. ಅಂದರೆ 0.44 ಮಿಲಿಮೀಟರ್. ಕಾಗದದ ದೂರವನ್ನು ಅದರಿಂದ ಭಾಗಿಸಿದರೆ ಸುಮಾರು 225, ಫೋಟೋದವರ ಭಾಷೆಯಲ್ಲಿ ಎಫ್ 225. ಈ ಒಂದು ಅಂಕಿಯ ಮೇಲೆಯೇ ಮುಂದಿನ ಎಲ್ಲ ಲೆಕ್ಕ ನಿಂತಿದೆ, ಅದಕ್ಕೇ ಇಷ್ಟು ಗೋಳು.

ಒಳಗೆ ಬಳಿಯಲು ಹಾರ್ಡ್‌ವೇರ್ ಅಂಗಡಿಯ ಬ್ಲ್ಯಾಕ್‌ಬೋರ್ಡ್ ಪೇಂಟ್. ಮಾಮೂಲಿ ಕಪ್ಪು ಎನಾಮಲ್ ಹೊಳೆಯುತ್ತದೆ, ಬೇಡ. ಶಟರಿಗೆ ಕರೆಂಟಿನ ಕಪ್ಪು ಇನ್ಸುಲೇಶನ್ ಟೇಪಿನ ತುಂಡು, ತುದಿ ಮಡಚಿ ಹಿಡಿಕೆ ಮಾಡಿದ್ದು.

ಮೊದಲ ನಾಲ್ಕು ಕಾಗದ ಪೂರ್ತಿ ಕಪ್ಪಾದವು. ತೂತನ್ನು ಬೈದೆ, ಕಾಗದವನ್ನು ಬೈದೆ, ಕೆಂಪು ಬಲ್ಬನ್ನು ಬೈದೆ. ತಪ್ಪು ಮುಚ್ಚಳದ್ದು. ಈ ಡಬ್ಬಿಗಳ ಪ್ಲಾಸ್ಟಿಕ್ ಮುಚ್ಚಳ ಕಣ್ಣಿಗೆ ಗಟ್ಟಿ ಕಂಡರೂ ಬಿಸಿಲಿಗೆ ಹಿಡಿದರೆ ಲಾಟೀನಿನ ಗಾಜಿನಂತೆ ಬೆಳಗುತ್ತದೆ. ಪೇಂಟ್ ಹಚ್ಚಿದರೆ ಒಮ್ಮೆ ತೆಗೆದು ಹಾಕುವಷ್ಟರಲ್ಲಿ ಸಿಪ್ಪೆ ಏಳುತ್ತದೆ. ಕೊನೆಗೆ ಚಪಾತಿ ಸುತ್ತುವ ಫಾಯಿಲ್ ಎರಡು ಪದರ, ಅದರ ಮೇಲೆ ಫೋಟೋ ಕಾಗದದ ಪ್ಯಾಕಿನ ಕಪ್ಪು ಚೀಲದ ತುಂಡು, ಅಂಚಿಗೆ ಸುತ್ತಲೂ ಟೇಪು. ಐದನೆಯ ಕಾಗದದ ಮೇಲೆ ಎದುರು ಮನೆಯ ನೀರಿನ ಟಾಕಿ ಬಂತು. ತಲೆಕೆಳಗಾಗಿ, ಬಿಳಿ ಇರಬೇಕಾದ್ದು ಕಪ್ಪಾಗಿ. ಅವ್ವನಿಗೆ ತೋರಿಸಿದೆ. "ಟಾಕಿ ಅಲ್ಲೇ ಐತಲ್ಲ, ಹೋಗಿ ನೋಡಿದ್ರ ಸಾಲ್ದೇನು?" ಅಂದಳು.

ಬಚ್ಚಲಮನೆಯೇ ಡಾರ್ಕ್‌ರೂಮು, ಚಿತ್ರ ಮೂಡಿಸುವ ಕತ್ತಲಕೋಣೆ. ದೇವರ ಕೋಣೆಯ ಕೆಂಪು ಜೀರೋ ಬಲ್ಬು ಸಾಕು ಅಂದುಕೊಂಡಿದ್ದೆ. ಕತ್ತಲಲ್ಲಿ ಒಂದು ಕಾಗದದ ಮೇಲೆ ರೂಪಾಯಿ ನಾಣ್ಯ ಇಟ್ಟು, ಆ ಬಲ್ಬು ಹಚ್ಚಿ ಐದು ನಿಮಿಷ ಬಿಟ್ಟು ಡೆವಲಪ್ ಮಾಡಿದರೆ ನಾಣ್ಯದ ಜಾಗ ಬೆಳ್ಳಗೆ, ಸುತ್ತ ಬೂದು. ಬಲ್ಬಿನ ಕೆಂಪು ಬಣ್ಣ ತೆಳ್ಳಗಾಗಿ ಬಿಳಿ ಬೆಳಕು ಸೋರುತ್ತಿತ್ತು. ಕೆಂಪು ಎಲ್‌ಇಡಿ ತಂದ ಮೇಲೆ ನಾಣ್ಯದ ಗುರುತೇ ಇಲ್ಲ. ಈ ಪರೀಕ್ಷೆ ಮಾಡದೆ ಯಾರೂ ಪ್ಯಾಕು ಒಡೆಯಬೇಡಿ. ಕಾಗದ ತುಟ್ಟಿ.

ಡೆವಲಪರ್, ಅಂದರೆ ಕಾಗದದ ಮೇಲೆ ಚಿತ್ರ ಮೂಡಿಸುವ ದ್ರಾವಣ, ಮನೆಯಲ್ಲೇ ಕಲಸಿದ್ದು, ಡಿ-72 ಎಂಬ ಹಳೆಯ ಸೂತ್ರ: ಲೀಟರಿಗೆ ಮೆಟಾಲ್ 3 ಗ್ರಾಂ, ಸೋಡಿಯಂ ಸಲ್ಫೈಟ್ 45, ಹೈಡ್ರೋಕ್ವಿನೋನ್ 12, ಸೋಡಿಯಂ ಕಾರ್ಬೋನೇಟ್ 80, ಪೊಟ್ಯಾಸಿಯಂ ಬ್ರೋಮೈಡ್ 2. ಬಳಸುವಾಗ ಒಂದಕ್ಕೆ ಎರಡು ಪಾಲು ನೀರು. ಮೊದಲ ಸಲ ಸಲ್ಫೈಟ್ ಪೂರ್ತಿ ಸುರಿದು ಆಮೇಲೆ ಮೆಟಾಲ್ ಹಾಕಿದೆ. ಅದು ಕರಗಲೇ ಇಲ್ಲ, ಅರ್ಧ ತಾಸು ಕಲಕಿದರೂ ರವೆಯಂತೆ ತಳದಲ್ಲಿ. ಚಿಟಿಕೆ ಸಲ್ಫೈಟ್, ಆಮೇಲೆ ಮೆಟಾಲ್, ಅದು ಕರಗಿದ ಮೇಲೆ ಉಳಿದ ಸಲ್ಫೈಟ್: ಇದೇ ಕ್ರಮ. ಮೆಟಾಲ್ ಕೆಲವರ ಚರ್ಮಕ್ಕೆ ಆಗುವುದಿಲ್ಲ, ಕೈಗವಸು ಇರಲಿ. ಡೆವಲಪರ್ ನಿಲ್ಲಿಸಲು ನೀರು ಬೆರೆಸಿದ ಬಿಳಿ ವಿನೆಗರ್.

ಏಪ್ರಿಲ್ಲಿನ ಧಾರವಾಡದಲ್ಲಿ ಮಾಳಿಗೆಯ ಟಾಕಿಯ ನೀರು ಬಿಸಿ ಕಾಯಿಸಿದ್ದಕ್ಕೆ ಸಮ. ಡೆವಲಪರಿಗೆ ಬೇಕಾದ್ದು 20 ಡಿಗ್ರಿ. ಮಣ್ಣಿನ ಹರವಿಯ ನೀರಿನಿಂದ ಕಲಸಿದರೆ 24ಕ್ಕೆ ಇಳಿಯಿತು. ಉಳಿದದ್ದನ್ನು ಹೈಪೋ, ಅಂದರೆ ಮೂಡಿದ ಚಿತ್ರ ಮತ್ತೆ ಕಪ್ಪಾಗದಂತೆ ಉಳಿಸುವ ದ್ರಾವಣ, ಮಾಡಿಕೊಟ್ಟಿತು. ಲೀಟರಿಗೆ 250 ಗ್ರಾಂ ಹೈಪೋ ಹರಳು ಕರಗುವಾಗ ಸುತ್ತಲಿನ ಶಾಖ ಎಳೆದುಕೊಳ್ಳುತ್ತದೆ. ಬಾಟಲಿ ಹೊರಗೆಲ್ಲ ಬೆವರಿ ಕೈಗೆ ತಣ್ಣಗಾಯಿತು. ಆ ತಣ್ಣನೆಯ ಹೈಪೋವನ್ನು ದೊಡ್ಡ ಪಾತ್ರೆಗೆ ಸುರಿದು, ಡೆವಲಪರ್ ಬಾಟಲಿಯ ಬಾಯಿ ಬಿಗಿದು ಅದರಲ್ಲಿ ನಿಲ್ಲಿಸಿದೆ. ಫ್ರಿಜ್ಜಿನಲ್ಲಿ ಕೆಮಿಕಲ್ ಇಡಲು ಅವ್ವ ಬಿಡುತ್ತಿರಲಿಲ್ಲ, ಅವಳದೇ ಸರಿ.

ಕಾಗದ ಆರ್‌ಸಿ ಬಗೆಯದು, ಪ್ಲಾಸ್ಟಿಕ್ ಲೇಪದ್ದು. ಬಲ್ಲವರು ಫೈಬರ್ ಕಾಗದವೇ ಚೆಂದ ಎನ್ನುತ್ತಾರೆ, ಹೌದು. ಆದರೆ ಅದನ್ನು ತಾಸುಗಟ್ಟಲೆ ತೊಳೆಯಬೇಕು. ಮಲಪ್ರಭೆಯ ನೀರಿಗೆ ದಿನ ಎಣಿಸಿ ಕಾಯುವ ಓಣಿಯಲ್ಲಿ ಫೋಟೋ ತೊಳೆಯಲು ಒಂದು ತಾಸು ನಲ್ಲಿ ಬಿಟ್ಟರೆ ಬೈಗುಳ ಗ್ಯಾರಂಟಿ. ಆರ್‌ಸಿಗೆ ಎರಡು ಮೂರು ಸಲ ನೀರು ಬದಲಿಸಿದರೆ ಆಯಿತು. ಆ ನೀರನ್ನು ಗಿಡಕ್ಕೆ ಹಾಕಲಿಲ್ಲ, ಚೆಲ್ಲಿದೆ.

ಒಂದು ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕ ಪ್ಯಾಕು ಎಷ್ಟು ಹಳೆಯದೋ, ಬೆಳಕೇ ಕಾಣದ ಹಾಳೆಯೂ ಡೆವಲಪರಿನಲ್ಲಿ ಬೂದು ಬಣ್ಣಕ್ಕೆ ತಿರುಗಿತು. ಪೊಟ್ಯಾಸಿಯಂ ಬ್ರೋಮೈಡ್ ಸ್ವಲ್ಪ ಹೆಚ್ಚಿಸಿದ ಮೇಲೆ ಬೂದು ಹಿಂದೆ ಸರಿಯಿತು. ಪರೀಕ್ಷೆಗೆಲ್ಲ ಅದನ್ನೇ ಸವೆಸಿದೆ.

ಇನ್ನು ಹೊತ್ತಿನ ಲೆಕ್ಕ. ಫೋಟೋ ಕಾಗದ ಬಹಳ ಮಂದ, ಬೆಳಕಿಗೆ ಎಷ್ಟು ಚುರುಕು ಎಂಬುದರ ಅಳತೆಯಲ್ಲಿ ಐಎಸ್‌ಒ 6 ಎಂದು ಹಿಡಿದೆ. ಫೋನಿನ ಲೈಟ್ ಮೀಟರ್ ಆ್ಯಪನ್ನು ಐಎಸ್‌ಒ 100, ಎಫ್ 22ಕ್ಕೆ ಇಟ್ಟು, ಬಂದ ಉತ್ತರವನ್ನು 1,700ರಿಂದ ಗುಣಿಸುವುದು. ಎಫ್ 22ರಿಂದ 225ಕ್ಕೆ ಹೋದರೆ ಬೆಳಕು ನೂರು ಪಾಲು ಕಡಿಮೆ, ಕಾಗದ ಹದಿನೇಳು ಪಾಲು ಮಂದ. ಅದರ ಗುಣಾಕಾರ ಅದು. ರಣಬಿಸಿಲಿನಲ್ಲಿ ಮೀಟರ್ 1/50 ಸೆಕೆಂಡ್ ಅಂದರೆ ನನಗೆ 34 ಸೆಕೆಂಡು. ಮರದ ನೆರಳಿನಲ್ಲಿ 1/10 ಅಂದರೆ 170 ಸೆಕೆಂಡು. ಹೊತ್ತು ಹೆಚ್ಚಿದಷ್ಟೂ ಕಾಗದ ಸೋಮಾರಿಯಾಗುತ್ತದೆ. ನೆರಳಿನ ಲೆಕ್ಕಕ್ಕೆ ಅರ್ಧ ಪಾಲು ಸೇರಿಸಿದರೆ ನನ್ನ ಡಬ್ಬಿಗೆ ಸರಿಹೋಗುತ್ತಿತ್ತು. ಒಟ್ಟು ನಾಲ್ಕೂಕಾಲು ನಿಮಿಷ.

ಒಂದು ಡಬ್ಬಿಗೆ ಒಂದೇ ಕಾಗದ, ಬದಲಿಸಲು ಮನೆಗೇ ಬರಬೇಕು. ಹಾಗಾಗಿ ಇನ್ನೂ ಮೂರು ಡಬ್ಬಿ ಮಾಡಿದೆ. ಕಾಯಿಪಲ್ಯದ ಚೀಲದಲ್ಲಿ ನಾಲ್ಕು ಡಬ್ಬಿ, ಒಂದು ಸ್ಟೂಲು, ಒಂದು ಸಿಂಬಿ. ಹಗುರ ಡಬ್ಬಿ ಗಾಳಿಗೆ ನಡುಗುತ್ತದೆ; ಸಿಂಬಿಯ ಮೇಲೆ ಕೂರಿಸಿ, ಮುಚ್ಚಳದ ಮೇಲೆ ಒಂದು ಕಲ್ಲು ಹೇರಿದರೆ ಅಲ್ಲಾಡುವುದಿಲ್ಲ. ಕಪ್ಪು ಟೇಪು ಸುತ್ತಿದ ಡಬ್ಬಿಯನ್ನು ಮರದ ಬುಡದಲ್ಲಿಟ್ಟು ದೂರ ಹೋಗಿ ನಿಂತರೆ ಏನಾಗುತ್ತದೆ ಎಂಬುದು ಮೊದಲ ದಿನವೇ ತಿಳಿಯಿತು: ಒಬ್ಬ ಕಾವಲುಗಾರರು ಕೋಲು ಹಿಡಿದು ಬಂದರು. ಮುಚ್ಚಳ ಬಿಚ್ಚಿ ತೋರಿಸಬೇಕಾಯಿತು, ಆ ಕಾಗದ ಹೋಯಿತು. ಆಮೇಲೆ ನಾಲ್ಕೂ ಡಬ್ಬಿಯ ಮೇಲೆ "ಫೋಟೋ ಡಬ್ಬಿ" ಎಂದು ಬಿಳಿ ಬಣ್ಣದಲ್ಲಿ ಬರೆದೆ.

ನೀಲಗಿರಿ ತೋಪಿನಲ್ಲಿ ಅಳಿಯನನ್ನು ನಿಲ್ಲಿಸಿದೆ. ಹತ್ತನೆಯ ಕ್ಲಾಸಿನ ಹುಡುಗ. ನಾಲ್ಕು ನಿಮಿಷ ನಿಂತಿದ್ದೇನೆ ಎಂದು ಆಣೆ ಮಾಡಿದ. ಕಾಗದದ ಮೇಲೆ ಕಂಬಗಳಂತೆ ಸಾಲು ಮರ, ಅವನಿದ್ದ ಜಾಗದಲ್ಲಿ ಎರಡು ಬೂಟು ಸ್ಪಷ್ಟ, ಅದರ ಮೇಲೆ ಹಬೆ. ನಾನೇ ನಿಂತು ನೋಡಿದೆ. ಸುಮ್ಮನೆ ನಿಂತ ಮನುಷ್ಯ ಎಷ್ಟು ತೂಗಾಡುತ್ತಾನೆ ಎಂದು ಗೊತ್ತಾದದ್ದು ಆಗ. ಮರಕ್ಕೆ ಬೆನ್ನು ಕೊಟ್ಟು ಕೂತರೆ ಮಾತ್ರ ಆಗುತ್ತದೆ.

ಇನ್ನೊಂದು ತೊಡಕು ಆಕಾಶದ್ದು. ಎಲೆಗಳ ಸಂದಿಯ ಆಕಾಶ ನೆಗೆಟಿವ್‌ನಲ್ಲಿ ಮಸಿಯಾಗುತ್ತದೆ, ನೆರಳು ಬಿಳಿಚಿಕೊಂಡು ಅಲ್ಲಿ ಏನೂ ಇರುವುದಿಲ್ಲ. ಫೋಟೋ ಕಾಗದ ನೀಲಿ ಬೆಳಕಿಗೆ ಹಾರಿಬೀಳುತ್ತದೆ, ಕೆಂಪಿಗೆ ಕುರುಡು. ಇದಕ್ಕೆ ಉಪಾಯ ಪ್ರಿಫ್ಲ್ಯಾಶ್: ಡಬ್ಬಿಗೆ ತುಂಬುವ ಮೊದಲು ಕಾಗದಕ್ಕೆ ಒಂದಿಷ್ಟೇ ಇಷ್ಟು ಬಿಳಿ ಬೆಳಕು ಕುಡಿಸಿಡುವುದು. ಒಂದು ಹಾಳೆಯನ್ನು ರಟ್ಟಿನಿಂದ ಮುಚ್ಚಿ, ಮಂದ ಬಲ್ಬಿನ ಕೆಳಗೆ ಬೆರಳಗಲದಷ್ಟು ಸರಿಸುತ್ತ ಒಂದೊಂದು ಸೆಕೆಂಡು ಹೆಚ್ಚಿಸಿ ಡೆವಲಪ್ ಮಾಡಿದೆ. ಆರನೆಯ ಪಟ್ಟಿಯಲ್ಲಿ ಮೊದಲ ಬೂದು ಕಂಡಿತು, ಐದಕ್ಕೆ ನಿಲ್ಲಿಸಿದೆ. ಕಾಗದ ಆಗ ಹೊಸ್ತಿಲ ಮೇಲೆ ನಿಂತಿರುತ್ತದೆ, ನೆರಳಿನ ಬಡ ಬೆಳಕು ಮುಟ್ಟಿದರೂ ಒಳಗೆ ಕಾಲಿಡುತ್ತದೆ. ಇಷ್ಟೆಲ್ಲ ಮಾಡಿದ್ದರಲ್ಲಿ ಚಿತ್ರವನ್ನು ನಿಜಕ್ಕೂ ಬದಲಿಸಿದ್ದು ಈ ಐದು ಸೆಕೆಂಡು.

ಮೇ ಕೊನೆಯ ವಾರ, ಕೆಲಗೇರಿ ಆಚೆಯ ಒಂದು ಆಪೂಸ್ ತೋಟ. ಪರಿಚಯದವರದು. ಕಾವಲಿಗೆ ಒಬ್ಬ ಕಾಕಾ ಇದ್ದರು: ಬಿಳಿ ದೋತರ, ಕೆಂಪು ಪಟಗಾ, ಹಾಸಿಕೊಂಡ ಕಂಬಳಿ. ದಿನವೆಲ್ಲ ಒಂದೇ ಮರಕ್ಕೆ ಒರಗಿ ಕೂರುವ ಮನುಷ್ಯ. ನನಗೆ ಬೇಕಾದ್ದು ಅದೇ.

"ಕಾಕಾ, ನಾಕ ನಿಮಿಷ ಅಲ್ಲಾಡದ ಕುಂದರಬೇಕ್ರಿ."

"ಬೆಳಿಗ್ಗಿಂದ ಕುಂತೇನಿ. ಇನ್ನ ನಾಕ ನಿಮಿಷಕ್ಕ ಏನ ಹೇಳ್ತಿ?"

ಮೂರು ಮೀಟರ್ ದೂರದಲ್ಲಿ ಸ್ಟೂಲು, ಸಿಂಬಿ, ಡಬ್ಬಿ, ಕಲ್ಲು. ಟೇಪು ಎತ್ತಿದೆ. ಮೋಡ ಮುಸುಕಿತ್ತು, ಆಕಾಶದ ಕಾಟ ಕಡಿಮೆ. ಕಾಕಾ ಕಲ್ಲಿನಂತೆ ಕೂತರು. ಸಂಜೆ ಬಚ್ಚಲಮನೆಯಲ್ಲಿ ಕಾಗದ ಏಳುತ್ತಿದ್ದಂತೆ ಹಿಗ್ಗಿದೆ. ಕಂಬಳಿ, ಕೈ, ಕೋಲು ಎಲ್ಲ ಗಟ್ಟಿ. ಮುಖದ ಕೆಳಗರ್ಧ ಮಾತ್ರ ಬೆರಳಿನಿಂದ ಉಜ್ಜಿದಂತೆ. ಎಲೆ-ಅಡಿಕೆ! ನಾಲ್ಕೂಕಾಲು ನಿಮಿಷವೂ ದವಡೆ ಆಡಿತ್ತು.

ಮರುದಿನ ಹೋದೆ. ತೋಟದಲ್ಲಿ ಕಾಯಿ ಇಳಿಸುವ ಗಲಾಟೆ. ಏಳೆಂಟು ಆಳು, ಬಲೆ ಕಟ್ಟಿದ ಗಳ, ಮರಕ್ಕೆ ನಿಚ್ಚಣಿಕೆ, ಬುಟ್ಟಿ ಹೊತ್ತು ಓಡಾಡುವ ಹೆಂಗಸರು, ಹುಲ್ಲಿನ ಮೇಲೆ ಏರುತ್ತಿದ್ದ ರಾಶಿ. ಇವತ್ತು ಆಗದು ಎಂದುಕೊಂಡೆ. ಆದರೆ ಮಳೆ ಯಾವಾಗ ಹಿಡಿಯುತ್ತದೋ, ಬಂದದ್ದಾಯಿತು ಎಂದು ಡಬ್ಬಿ ಇಟ್ಟೆ. ಕಾಕಾ ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬಂದು ಕೂತರು, ನನ್ನನ್ನು ನೋಡದೆ.

ಡೆವಲಪ್ ಮಾಡಿದ ನೆಗೆಟಿವ್ ಒಣಗಿದ ಮೇಲೆ ಇನ್ನೊಂದು ಹಾಳೆಯ ಮುಖಕ್ಕೆ ಮುಖ ಕೊಟ್ಟು, ಮೇಲೆ ಕಿಟಕಿಯ ಗಾಜು ಹೇರಿ, ಬಲ್ಬು ಹಚ್ಚಿ ಆರಿಸಿದೆ; ಕಪ್ಪು ಬಿಳಿಯಾಗಿ, ಬಿಳಿ ಕಪ್ಪಾಗಿ ತಿರುಗುವುದು ಆ ಹಾಳೆಯಲ್ಲಿ. ಹಳೆಯ ಪ್ಯಾಕಿನ ಕಾಗದ ಇದಕ್ಕೆ ಬರುವುದಿಲ್ಲ. ಅದರ ಬೆನ್ನಿಗೆ ಕಂಪನಿಯ ಹೆಸರು ಅಚ್ಚಾಗಿತ್ತು, ಅದು ಚಿತ್ರದ ತುಂಬ ಮೂಡುತ್ತಿತ್ತು. ಈ ನೆಗೆಟಿವ್‌ನ ಕಾಗದ ಬರಿ ಬೆನ್ನಿನದು.

ಟ್ರೇಯಲ್ಲಿ ಮೂಡಿದ್ದನ್ನು ಬಹಳ ಹೊತ್ತು ನೋಡಿದೆ. ನಡುವೆ ಕಾಂಡ, ಅದಕ್ಕೆ ಒರಗಿ ಮೂರು ಸೆಂಟಿಮೀಟರಿನ ಕಾಕಾ. ಕಣ್ಣು ಮೂಗು ಇಲ್ಲ, ಇಷ್ಟು ದೊಡ್ಡ ತೂತಿಗೆ ಅದು ಬರುವುದೂ ಇಲ್ಲ. ಆದರೆ ಮುಖ ಮುಖವೇ. ದೋತರ ಬೆಳ್ಳಗೆ ಉರಿಯುತ್ತಿದೆ, ಕೆಂಪು ಪಟಗಾ ಇದ್ದಿಲಿನಷ್ಟು ಕಪ್ಪು, ಕೆಂಪು ಮಣ್ಣೂ ಅಷ್ಟೇ. ಕೆಳಗಿನ ಅಡ್ಡ ಕೊಂಬೆಗಳು ಅವರ ತಲೆಯ ಮೇಲೆ ಕಮಾನಿನಂತೆ ಬಾಗಿವೆ. ಎಲೆಯೆಲ್ಲ ಹೊಗೆ. ಮತ್ತು ಒಬ್ಬ ಆಳೂ ಇಲ್ಲ. ಪಕ್ಕದ ಮರಕ್ಕೆ ನಿಚ್ಚಣಿಕೆ ಒರಗಿದೆ, ಅದರ ಮೇಲೆ ಹತ್ತಿದವರಿಲ್ಲ. ಮಾವಿನ ರಾಶಿಯ ಕೆಳಗರ್ಧ ಗಟ್ಟಿಯಾಗಿದೆ, ಮೇಲರ್ಧ ಗಾಜಿನಂತೆ, ಹಿಂದಿನ ಕಾಂಡ ಅದರೊಳಗಿಂದ ಕಾಣುತ್ತದೆ. ನಾಲ್ಕೂಕಾಲು ನಿಮಿಷದಲ್ಲಿ ಬುಟ್ಟಿಗಳು ಸುರಿದದ್ದು ಅಷ್ಟು.

1838ರಲ್ಲಿ ಪ್ಯಾರಿಸಿನ ಗಿಜಿಗುಡುವ ಬೀದಿಯೊಂದನ್ನು ಫೋಟೋ ವಿದ್ಯೆಯ ಆದ್ಯರಲ್ಲೊಬ್ಬನಾದ ಡಾಗೇರ್ ಬೆಳ್ಳಿ ಲೇಪಿಸಿದ ತಾಮ್ರದ ತಗಡಿನ ಮೇಲೆ ಹಿಡಿದಾಗಲೂ ಹೀಗೇ ಆಗಿತ್ತು. ಗಾಡಿ, ಕುದುರೆ, ಜನ ಎಲ್ಲ ಅಳಿಸಿಹೋಗಿ, ಬೂಟಿಗೆ ಪಾಲಿಶ್ ಹಚ್ಚಿಸಿಕೊಳ್ಳಲು ಕಾಲು ಚಾಚಿ ನಿಂತಿದ್ದವನೊಬ್ಬನೇ ಎದ್ದು ಕಾಣುತ್ತಾನೆ. ಅದು ಗೊತ್ತಿತ್ತು. ನನ್ನ ಒಂಟಿ ಮನುಷ್ಯನೂ ಅದೇ ತರಹದವನು ಎಂದು ಹೊಳೆದಿರಲಿಲ್ಲ. ಫೋಟೋ ನೋಡಿದ ಗೆಳೆಯರಿಬ್ಬರು "ಎಂಥಾ ಏಕಾಂತ!" ಅಂದರು. ಅವತ್ತಿನ ಗದ್ದಲ ಹೇಳಲು ನನಗೆ ಮನಸ್ಸಾಗಲಿಲ್ಲ.

ಒಂದು ಪ್ರಿಂಟನ್ನು ಕಾಕಾಗೆ ಒಯ್ದು ಕೊಟ್ಟೆ. ಮಳೆ ಹಿಡಿದಿತ್ತು, ಕಾಯಿ ಮುಗಿದಿತ್ತು, ಅವರು ಗುಡಿಸಲಿನಲ್ಲಿದ್ದರು. ಚಿತ್ರವನ್ನು ಹತ್ತಿರ ಹಿಡಿದರು, ದೂರ ಹಿಡಿದರು.

"ಅಲ್ಲೋ, ನಮ್ಮ ಮಂದಿ ಎಲ್ಲಿ ಹೋದ್ರು?"

ಹೇಳಿದೆ. ಡಬ್ಬಿಗೆ ಅಲ್ಲಾಡುವವರು ಕಾಣುವುದಿಲ್ಲ ಎಂದೆ.

"ದುಡಿಯೋರು ಕಾಣೂದಿಲ್ಲ, ಕುಂತಾವ ಕಾಣ್ತಾನ," ಅಂದು ನಕ್ಕರು. ಆಮೇಲೆ ನಿಚ್ಚಣಿಕೆಯ ಹತ್ತಿರ ಉಗುರು ಇಟ್ಟರು. ನಾನು ಕಾಗದದ ಕಲೆ ಎಂದುಕೊಂಡು ಬಿಟ್ಟಿದ್ದ, ಬೆರಳುಜ್ಜಿದಷ್ಟು ಸಣ್ಣ ಬೂದು ಗೀರು ಅಲ್ಲಿತ್ತು.

"ಇಂವ ನನ್ನ ಮೊಮ್ಮಗ. ಮ್ಯಾಲೆ ಹತ್ತಾಕ ಹೆದರಿ ಒಂದೀಟು ನಿಂತಿದ್ದ."